ಹನ್ನೊಂದು ಸಾಲಿನ ಬೆನ್ನು ಹತ್ತಿದ ದೊಡ್ಡಕ್ಕ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅಡುಗೆಮನೆಯ ದೀಪವೊಂದೇ ಉರಿಯುತ್ತಿದೆ. ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು, ತರಕಾರಿ ಹೆಚ್ಚುವ ಮೇಜಿನ ಅರ್ಧ ಭಾಗವನ್ನು ಒರೆಸಿ ಒಣಗಿಸಿ, ಅಲ್ಲಿ ಹಳೆಯ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ ಐವತ್ತೆರಡು ವರ್ಷದ ಈ ಹೆಂಗಸು. ಕೀಲಿಮಣೆಯ ಒಂದು ಗುಂಡಿ ಕಿತ್ತುಹೋಗಿ ವರ್ಷವಾಗಿದೆ. ಅದನ್ನು ಹಾಕಿಸಲು ಅವರಿಗೆ ಪುರುಸೊತ್ತಿಲ್ಲ.

ಹುಡುಕುವ ಜಾಗದಲ್ಲಿ ಅವರು ದಿನವೂ ಟೈಪ್ ಮಾಡುವುದು ಒಂದೇ ಪದ: ಪುಟ್ಟಿ. ಅದು ಅವರ ಮಗಳ ಮುದ್ದಿನ ಹೆಸರು. ಯಾವ ವೆಬ್‌ಸೈಟಿನ ವಿಳಾಸದ ಬಾಲದಲ್ಲಿ ಆ ಹೆಸರು ಕಾಣಿಸುತ್ತದೋ ಆ ವೆಬ್‌ಸೈಟಿನ ಯಜಮಾನರಿಗೆ ಅವರು ಇಮೇಲಿನಲ್ಲಿ ಪತ್ರ ಬರೆಯುತ್ತಾರೆ. ಇವತ್ತು ಸಿಕ್ಕಿದ್ದು ನಾಲ್ಕು. ಒಂದು ಈಜು ಕಲಿಸುವ ಶಾಲೆ, ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್, ಒಂದು ಹಳೆ ಬೈಕುಗಳ ಅಂಗಡಿ, ಒಂದು ಗ್ರಂಥಾಲಯ. ನಿಮ್ಮ ಹುಡುಕು ಪೆಟ್ಟಿಗೆಯ ಹಿಂದಿನ ಸಾಲುಗಳಲ್ಲಿ ಲೋಪವಿರಬಹುದು, ನಾನು ಒಳಗೆ ಬಂದು ನೋಡಿಲ್ಲ, ನೋಡುವುದೂ ಇಲ್ಲ, ದಯವಿಟ್ಟು ವೆಬ್‌ಸೈಟ್ ಮಾಡಿಕೊಟ್ಟವರಿಗೆ ಇದನ್ನು ತೋರಿಸಿ ಎಂದು ಮೂರೇ ವಾಕ್ಯ. ಕೆಳಗೆ ಸರಿಯಾದ ಸಾಲುಗಳು ಮತ್ತು ತಮ್ಮ ಫೋನ್ ನಂಬರು. ಎಂಟೂವರೆಗೆ ಅವರು ರಕ್ತಪರೀಕ್ಷೆಯ ಲ್ಯಾಬಿನಲ್ಲಿರಬೇಕು. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು, ರೋಗಿಗಳ ವರದಿ ವೆಬ್‌ಸೈಟಿಗೆ ಏರಿಸುವುದು ಹೊಟ್ಟೆಪಾಡಿನ ಕೆಲಸ. ಈ ಬೆಳಗಿನ ಕೆಲಸಕ್ಕೆ ಸಂಬಳವಿಲ್ಲ.

ಲ್ಯಾಬಿನಲ್ಲಿ ಅವರನ್ನು ಗುರುತಿಸುವವರು ಹತ್ತು ಜನ. ಇಂಟರ್‌ನೆಟ್ಟಿನಲ್ಲಿ ಲಕ್ಷಾಂತರ ಮಂದಿಗೆ ಅವರು ಗೊತ್ತು, ಮುಖ ಮಾತ್ರ ಗೊತ್ತಿಲ್ಲ. ವೆಬ್‌ಸೈಟ್ ಕಟ್ಟಲು ಹೊರಟ ಹೊಸಬರು ಎಡವಿದಾಗ ಪ್ರಶ್ನೆ ಕೇಳುವ ತಾಣವೊಂದರಲ್ಲಿ ಹದಿನೇಳು ವರ್ಷಗಳಿಂದ ಉತ್ತರ ಬರೆಯುತ್ತಿರುವ ‘ದೊಡ್ಡಕ್ಕ’ ಇವರೇ. ನೋಡುಗರಿಗೆ ಕಾಣುವ ಬಣ್ಣ, ಚಿತ್ರ, ಗುಂಡಿಗಳ ಸಹವಾಸಕ್ಕೆ ಅವರು ಹೋಗುವುದಿಲ್ಲ. ಹಿಂಬದಿಯಲ್ಲಿ, ಸರ್ವರ್ ಎಂಬ ದೂರದ ಕಂಪ್ಯೂಟರಿನಲ್ಲಿ ನಡೆಯುವ ವ್ಯವಹಾರವೇ ಅವರ ಕ್ಷೇತ್ರ. ಎಲ್ಲಿಯೂ ಓದಿ ಕಲಿತದ್ದಲ್ಲ. ಲ್ಯಾಬಿನವರು ವೆಬ್‌ಸೈಟ್ ಮಾಡು ಎಂದು ತಲೆಗೆ ಕಟ್ಟಿದಾಗ ಬಿದ್ದು ಎದ್ದು ಕಲಿತರು. ತಾವು ಬಿದ್ದ ಕಡೆ ಇನ್ನೊಬ್ಬರು ಬೀಳಬಾರದೆಂದು ಉತ್ತರ ಬರೆಯತೊಡಗಿದರು. ಈವರೆಗೆ ಬರೆದದ್ದು ಒಂಬತ್ತು ಸಾವಿರದ ಹತ್ತಿರ ಹತ್ತಿರ.

ಹೊಸಬರ ಪ್ರಶ್ನೆಗಳನ್ನು ನೋಡಿದರೆ ಎಂಥವರಿಗೂ ನಗು ಬಂದೀತು. “ಏನೂ ಬರ್ತಿಲ್ಲ, ಸಹಾಯ ಮಾಡಿ” ಎನ್ನುವುದೇ ಇಡೀ ಪ್ರಶ್ನೆ. ಒಬ್ಬ ಮಹಾಶಯ ಒಂದು ಫೋಲ್ಡರಿನ ಕಡತವನ್ನು ತಿದ್ದುತ್ತ, ಇನ್ನೊಂದು ಫೋಲ್ಡರಿನದನ್ನು ತೆರೆದು ನೋಡುತ್ತ, ಮೂರು ದಿನ ಊಟ ಬಿಟ್ಟು ತಲೆ ಚಚ್ಚಿಕೊಂಡಿದ್ದನಂತೆ. ದೊಡ್ಡಕ್ಕ ಯಾರನ್ನೂ ಹಂಗಿಸಿದವರಲ್ಲ. “ತಪ್ಪಿನ ಸಂದೇಶ ಬಂದ್ರೆ ಹೆದರ್ಬೇಡಿ, ಓದಿ. ಮೊದಲನೇ ಸಾಲು ಓದಿ. ಒಂದ್ ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹತ್ತು ಕಡೆ ಕೈ ಹಾಕಿದ್ರೆ ಯಾವ್ದ್ರಿಂದ ಸರಿಹೋಯ್ತು ಅಂತ ದೇವ್ರಿಗೂ ಗೊತ್ತಾಗಲ್ಲ.” ಈ ಮಾತನ್ನು ಅವರು ಎಷ್ಟು ಸಾವಿರ ಸಲ ಬರೆದಿದ್ದಾರೋ.

ಹದಿಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಯಾರೋ ಅವಸರದಲ್ಲಿ ಕೇಳಿದರು: ಹುಡುಕು ಪೆಟ್ಟಿಗೆಯಲ್ಲಿ ಹೆಸರು ಟೈಪ್ ಮಾಡಿದರೆ ಆ ಹೆಸರಿನ ಮಾಹಿತಿ ಬರಬೇಕು, ಹೇಗೆ? ಮಗಳಿಗೆ ಆಗ ಎಂಟು ವರ್ಷ, ಮೈ ಕೆಂಡದಂತೆ ಸುಡುತ್ತಿತ್ತು. ದೊಡ್ಡಕ್ಕ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಹನ್ನೊಂದು ಸಾಲು ಬರೆದು ಹಾಕಿದರು. ಪೆಟ್ಟಿಗೆಗೆ ಉದಾಹರಣೆಯಾಗಿ ಒಂದು ಹೆಸರು ಬೇಕಿತ್ತು, ಬಾಯಿಗೆ ಬಂದದ್ದು ಪುಟ್ಟಿ. ಅಲ್ಲಿ ಏನೇ ಹುಡುಕಿದರೂ ವಿಳಾಸದ ಬಾಲದಲ್ಲಿ ಆ ಹೆಸರು ಕಾಣಿಸುತ್ತದೆ. ಸದ್ಯಕ್ಕೆ ಹೀಗೆ ಮಾಡಿ, ಆಮೇಲೆ ಭದ್ರ ಮಾಡಿಕೊಳ್ಳಿ ಎಂದು ಕೊನೆಗೊಂದು ಮಾತು ಸೇರಿಸಿದರು. ಕೇಳಿದವರಿಗೆ ಕೆಲಸ ಆಯಿತು. ಆಮೇಲೆ ಬಂದವರಿಗೂ ಆಯಿತು. ಮೂರು ಸಾವಿರ ಜನ ಧನ್ಯವಾದ ಹೇಳಿದರು. ಎಲ್ಲರೂ ಹನ್ನೊಂದು ಸಾಲು ಎತ್ತಿಕೊಂಡು ಹೋದರು, ಕೊನೆಯ ಮಾತನ್ನು ಅಲ್ಲೇ ಬಿಟ್ಟರು.

ಆ ಸಾಲುಗಳ ಲೋಪ ಅರ್ಥಮಾಡಿಕೊಳ್ಳಲು ಪದವಿ ಬೇಕಿಲ್ಲ. ಕಚೇರಿಯ ಗುಮಾಸ್ತನೊಬ್ಬ ಚೀಟಿಯಲ್ಲಿ ಬರೆದ ಹೆಸರಿನ ಕಡತ ತಂದುಕೊಡುತ್ತಾನೆ ಎಂದಿಟ್ಟುಕೊಳ್ಳಿ. ಹೆಸರಿನ ಜಾಗದಲ್ಲಿ ‘ಎಲ್ಲರ ಕಡತ ಕೊಡು’ ಎಂದು ಬರೆದರೆ ಮರುಮಾತಿಲ್ಲದೆ ಎಲ್ಲರದ್ದನ್ನೂ ಹೊತ್ತು ತರುವಂಥ ಗುಮಾಸ್ತ ಇವನು. ಹೆಸರು ಯಾವುದು, ಅಪ್ಪಣೆ ಯಾವುದು ಎಂಬ ಭೇದ ಅವನಿಗೆ ತಿಳಿಯದು.

ಐದು ವರ್ಷದ ಹಿಂದೆ ಲ್ಯಾಬಿನಲ್ಲಿ ಊಟಕ್ಕೆ ಕೂತಾಗ ಅವರು ಫೋನಿನಲ್ಲಿ ಒಂದು ಸುದ್ದಿ ನೋಡಿದರು. ಜನ ಹೆಸರು ಹೇಳಲೂ ಹಿಂಜರಿಯುವ ಕಾಯಿಲೆಗೆ ಔಷಧ ಕೊಡುವ ಚಿಕಿತ್ಸಾಲಯವೊಂದರ ರೋಗಿಗಳ ಪಟ್ಟಿ ಬೀದಿಗೆ ಬಿದ್ದಿತ್ತು. ಸುದ್ದಿಯ ಜೊತೆ ಆ ವೆಬ್‌ಸೈಟಿನ ಚಿತ್ರ, ಚಿತ್ರದಲ್ಲಿ ವಿಳಾಸ, ವಿಳಾಸದ ಬಾಲದಲ್ಲಿ ಪುಟ್ಟಿ. ಅವರು ಊಟದ ಡಬ್ಬಿ ಮುಚ್ಚಿಟ್ಟರು. ಪಟ್ಟಿಯಲ್ಲಿದ್ದ ಶಾಲಾ ವ್ಯಾನಿನ ಚಾಲಕರೊಬ್ಬರ ಗಾಡಿಗೆ ಮರುದಿನದಿಂದ ಯಾವ ತಾಯಿತಂದೆಯೂ ಮಕ್ಕಳನ್ನು ಹತ್ತಿಸಲಿಲ್ಲ. ಕೆಲಸ ಹೋಯಿತು. ಆರು ತಿಂಗಳಿಗೆ ಮನೆ ಬಿಟ್ಟು ಹೋದವರು ಇವತ್ತಿಗೂ ಹಿಂತಿರುಗಿಲ್ಲ.

“ಆ ಡ್ರೈವರ್ ಯಾರೋ, ನಾನ್ಯಾರೋ. ಆದ್ರೆ ಅವ್ರ ಮನೆ ಬಾಗಿಲು ಮುರಿಯೋಕೆ ಹಾರೆ ಕೊಟ್ಟೋಳು ನಾನೇ ಅಲ್ವಾ” ಎನ್ನುತ್ತಾರೆ ದೊಡ್ಡಕ್ಕ.

ಅವತ್ತೇ ಮೂಲ ಉತ್ತರವನ್ನು ತಿದ್ದಿದರು. ಆದರೆ ಹನ್ನೊಂದು ಸಾಲುಗಳು ಅದಾಗಲೇ ಊರು ಬಿಟ್ಟಿದ್ದವು. ಪಾಠದ ಪುಟಗಳಿಗೆ, ಕಾಲೇಜಿನ ಟಿಪ್ಪಣಿಗಳಿಗೆ, ಯಾರ ಯಾರದೋ ವೆಬ್‌ಸೈಟಿಗೆ ಸೇರಿಹೋಗಿದ್ದವು. ಹುಡುಕುವ ಕೆಲಸ ಶುರುವಾದದ್ದು ಹಾಗೆ. ಐದು ವರ್ಷದಲ್ಲಿ ಸಿಕ್ಕ ವೆಬ್‌ಸೈಟುಗಳು ಎರಡು ಸಾವಿರದ ನೂರಾ ಆರು. ಸರಿಪಡಿಸಿಕೊಂಡವರು ಎಂಟುನೂರು ಚಿಲ್ಲರೆ. ಥ್ಯಾಂಕ್ಸ್ ಎಂದವರು ಅರುವತ್ತು ಮಂದಿ, ಪೊಲೀಸರಿಗೆ ಹೇಳುತ್ತೇವೆ ಎಂದವರು ಹನ್ನೆರಡು, ಎಷ್ಟು ಕೊಟ್ಟರೆ ಬಾಯಿ ಮುಚ್ಚುತ್ತೀಯ ಎಂದು ಕೇಳಿದವನು ಒಬ್ಬ. ಉಳಿದವರು ಕಿವಿಯ ಮೇಲೇ ಹಾಕಿಕೊಂಡಿಲ್ಲ. ಮೊನ್ನೆ ಮೊನ್ನೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಹೊಸ ಯಂತ್ರವೊಂದನ್ನು ಕುತೂಹಲಕ್ಕೆ ಇದೇ ಪ್ರಶ್ನೆ ಕೇಳಿ ನೋಡಿದರಂತೆ. ಅದು ಬಲು ವಿನಯದಿಂದ ಹನ್ನೊಂದು ಸಾಲು ಒಪ್ಪಿಸಿತು, ಪುಟ್ಟಿಯ ಸಮೇತ. ಅವತ್ತು ಅವರು ಲ್ಯಾಪ್‌ಟಾಪ್ ಮುಚ್ಚಿಟ್ಟು ಸುಮ್ಮನೆ ಮಲಗಿಬಿಟ್ಟರು.

ಮನೆಯಲ್ಲಿ ಇದಕ್ಕೆ ಒಪ್ಪಿಗೆ ಇದೆ, ಸಂತೋಷವಿಲ್ಲ. ಲಿಫ್ಟ್ ರಿಪೇರಿ ಮಾಡುವ ಗಂಡ, ಕೆಟ್ಟಿದೆ ಅಂತ ಕರೆದರೂ ಹೋಗಲು ಬೇಸರವಾಗುತ್ತದೆ, ಇವಳು ಕರೆಯದವರ ಮನೆಗೇ ಹೋಗುತ್ತಾಳೆ ಎಂದು ಮೂಗು ಮುರಿಯುತ್ತಾರೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಮಗಳಿಗೆ ಈಗ ಇಪ್ಪತ್ತೊಂದು. ಅವಳದ್ದು ಒಂದೇ ಷರತ್ತು: ಪತ್ರ ಎಷ್ಟಾದರೂ ಬರಿ, ಆ ಸಾಲು ಬರೆದವಳು ನೀನೇ ಅಂತ ಮಾತ್ರ ಎಲ್ಲೂ ಬಾಯಿಬಿಡಬೇಡ. ಯಾರಾದರೂ ಕೋರ್ಟಿಗೆ ಎಳೆದರೆ ಇರುವ ಎರಡು ಕೋಣೆಯೂ ಹೋಗುತ್ತದೆ. ಮಗಳ ಮಾತಿನಲ್ಲಿ ತಪ್ಪೇನಿಲ್ಲ. ಐದು ವರ್ಷ ದೊಡ್ಡಕ್ಕ ಅದನ್ನು ಪಾಲಿಸಿದ್ದಾರೆ. ಪತ್ರದ ಕೆಳಗೆ ಇರುವುದು ಯಾರಿಗೂ ಗೊತ್ತಿಲ್ಲದ ಅವರ ನಿಜವಾದ ಹೆಸರು.

ನಾಲ್ಕು ಪತ್ರ ಮುಗಿದರೂ ಇವತ್ತು ಅವರು ಏಳುವುದಿಲ್ಲ. ಇನ್ನೊಂದು ಬಾಕಿಯಿದೆ, ಒಂದೇ ವಿಳಾಸಕ್ಕೆ ಹನ್ನೆರಡನೆಯದು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟ ಹೆಂಗಸರನ್ನು ಗುಟ್ಟಾಗಿ ಇರಿಸಿಕೊಳ್ಳುವ ಆಶ್ರಯ ಮನೆಯದು. ಸಿಬ್ಬಂದಿ ಒಂದು ನಂಬರು ಟೈಪ್ ಮಾಡಿದರೆ ಆ ನಂಬರಿನ ಹೆಂಗಸು ಯಾರು, ಈಗ ಎಲ್ಲಿದ್ದಾಳೆ ಎಂದು ತೋರಿಸುವ ಪುಟ ಅಲ್ಲಿದೆ. ಆ ಪುಟದ ವಿಳಾಸದ ಬಾಲದಲ್ಲೂ ಪುಟ್ಟಿ. ಐದು ವಾರದಿಂದ ಬರೆಯುತ್ತಿದ್ದಾರೆ. ಎರಡು ಸಲ ಫೋನ್ ಮಾಡಿದಾಗ ಯಾರೋ, ನಮ್ಮ ವೆಬ್‌ಸೈಟ್ ಚೆನ್ನಾಗೇ ಇದೆ ಎಂದು ಇಟ್ಟುಬಿಟ್ಟರು. ಹನ್ನೆರಡನೆಯದನ್ನು ಕಳುಹಿಸಿ ಹತ್ತು ನಿಮಿಷವಾಗಿಲ್ಲ, ಫೋನ್ ಹೊಡೆದುಕೊಳ್ಳುತ್ತದೆ.

ಆ ಕಡೆ ಇರುವವರು ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ನಡುವಯಸ್ಸಿನವರು. ಆಶ್ರಯ ಮನೆಗೆ ಕೈಲಾದ ಸಹಾಯ ಮಾಡೋಣವೆಂದು ಇಂಟರ್‌ನೆಟ್ ನೋಡಿಕೊಂಡೇ ವೆಬ್‌ಸೈಟ್ ಮಾಡಿಕೊಟ್ಟವರು. ಅಲ್ಲಿಗೆ ಬರುವ ಇಮೇಲ್ ನೋಡುವವರೂ ಅವರೇ. ಸಿಟ್ಟಿನಲ್ಲಿದ್ದಾರೆ. ವಾರಕ್ಕೆರಡು ಸಲ ಹೆದರಿಸುತ್ತೀರಲ್ಲ, ಸಾಕ್ಷಿ ಏನಿದೆ ಎಂದು ಕೇಳುತ್ತಾರೆ. ಸಾಕ್ಷಿ ಬೇಕೆಂದರೆ ಬಾಗಿಲು ತಳ್ಳಿ ಒಳಗೆ ಬರಬೇಕಾಗುತ್ತದೆ, ಅದೇ ಅಪರಾಧ ಎಂದು ದೊಡ್ಡಕ್ಕ ವಿವರಿಸುತ್ತಾರೆ. ಅವರು ಒಪ್ಪುವುದಿಲ್ಲ.

“ನೋಡಿ ಮೇಡಮ್, ಅದು ನನ್ ಸ್ವಂತ ಬುದ್ಧಿಯಿಂದ ಬರೆದದ್ದಲ್ಲ. ದೊಡ್ಡಕ್ಕ ಅಂತ ಒಬ್ರಿದಾರೆ, ಅವ್ರ ಉತ್ತರ ಅದು. ಮೂರ್ ಸಾವಿರ ಜನ ಒಪ್ಪಿದಾರೆ. ಅಂಥೋರು ಬರೆದದ್ದು ತಪ್ಪು, ಎಲ್ಲೋ ಕೂತ್ಕೊಂಡು ನೀವು ಹೇಳೋದು ಸರಿ ಅಂತೀರಾ?”

ದೊಡ್ಡಕ್ಕ ತಲೆಯೆತ್ತಿ ನೋಡುತ್ತಾರೆ. ಮಾತು ಕೇಳಿ ಎದ್ದು ಬಂದ ಮಗಳು ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದಾಳೆ. ಬೇಡ ಎಂದು ತಲೆಯಾಡಿಸುತ್ತಾಳೆ. ತಾಯಿ ಕೈಚಾಚಿ ಒಲೆ ಆರಿಸುತ್ತಾರೆ. ಒಲೆಯ ಮೇಲಿನ ನೀರು ಕುದಿದು ಅರ್ಧವಾಗಿದೆ.

“ಆ ದೊಡ್ಡಕ್ಕ ನಾನೇ. ಅವತ್ತು ನಾನು ಬರೆದದ್ದು ತಪ್ಪು. ನಿಮ್ ಎಂಟನೇ ಸಾಲಲ್ಲಿ ಪುಟ್ಟಿ ಅಂತ ಇದೆ ನೋಡಿ, ಅದು ನನ್ ಮಗಳು. ಇಲ್ಲೇ ನಿಂತಿದಾಳೆ.”

ಆ ಕಡೆಯವರ ದನಿಯೇ ಬದಲಾಗುತ್ತದೆ. ಈಗ ಏನು ಮಾಡಲಿ ಅಕ್ಕ ಎನ್ನುತ್ತಾರೆ. ನಂಬರಿನ ಜಾಗದಲ್ಲಿ ಬರೀ ಒಂದು ಉದ್ಧರಣ ಚಿಹ್ನೆ ಟೈಪ್ ಮಾಡಿ ಎಂದು ದೊಡ್ಡಕ್ಕ ಹೇಳುತ್ತಾರೆ. ಪುಟದ ತುಂಬ ತಪ್ಪಿನ ಸಂದೇಶ ಬರುತ್ತದೆ, ಅದರ ನಡುವೆ ಹೆಂಗಸರ ಪಟ್ಟಿಗೆ ಅವರೇ ಇಟ್ಟ ಹೆಸರೂ ಇದೆ. ಭದ್ರವಾಗಿರುವ ಪುಟ ಹೀಗೆ ಹೊಟ್ಟೆಯಲ್ಲಿರುವುದನ್ನು ಕಕ್ಕುವುದಿಲ್ಲ. ಅಂಚೆಯವರಿಗೆ ಇನ್ನು ಸಾಕ್ಷಿ ಬೇಕಿಲ್ಲ.

ಮುಂದಿನ ಐವತ್ತು ನಿಮಿಷ ದೊಡ್ಡಕ್ಕ ಹೊಸಬರಿಗೆ ಪಾಠ ಹೇಳುವ ಅದೇ ನಿಧಾನದಲ್ಲಿ ಹೇಳುತ್ತಾ ಹೋಗುತ್ತಾರೆ. ಮೊದಲು ವೆಬ್‌ಸೈಟ್ ಮುಚ್ಚಿ, ರಿಪೇರಿ ಆಮೇಲೆ. ಕಡತದ ಒಂದು ನಕಲು ತೆಗೆದಿಡಿ. ನಂಬರು ಬರುವ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಷ್ಟೇ ಇರಲಿ, ನಂಬರನ್ನು ಬೇರೆ ಸಾಲಿನಲ್ಲಿ ಕೊಡಿ, ಆಗ ಅದು ನಂಬರಾಗಿಯೇ ಉಳಿಯುತ್ತದೆ. ತಪ್ಪಿನ ಸಂದೇಶ ಹೊರಗಿನವರಿಗೆ ಕಾಣದಂತೆ ಮಾಡಿ. ಅಂಚೆಯವರಿಗೆ ಎರಡು ಸಲ ತಪ್ಪುತ್ತದೆ. ಪರವಾಗಿಲ್ಲ, ಮೊದಲನೇ ಸಾಲು ಓದಿ ಎನ್ನುತ್ತಾರೆ ಇವರು. ಮಗಳು ಹೊಸದಾಗಿ ನೀರಿಟ್ಟು ಚಹಾ ಮಾಡಿ ತಂದು ಮೇಜಿನ ಮೇಲಿಡುತ್ತಾಳೆ.

ಕೊನೆಯದಾಗಿ ಲಾಗ್ ತೆರೆಯಿರಿ ಎನ್ನುತ್ತಾರೆ. ಯಾರು, ಯಾವಾಗ, ಏನು ಕೇಳಿದರು ಎಂಬುದನ್ನು ಸರ್ವರ್ ಅದರಲ್ಲಿ ಬರೆದಿಟ್ಟಿರುತ್ತದೆ. ಅಂಚೆಯವರು ಒಂದೊಂದೇ ಸಾಲು ಓದುತ್ತಾರೆ. ಮೂರು ವಾರದ ಹಿಂದೆ ಒಂದೇ ಕಡೆಯಿಂದ ಯಾರೋ ನಲವತ್ತು ಸಲ ಬಂದಿದ್ದಾರೆ. ಅವರು ಟೈಪ್ ಮಾಡಿದ್ದು ನಂಬರಲ್ಲ, ಅಪ್ಪಣೆ. ಇಡೀ ಪಟ್ಟಿ ಹೊರಗೆ ಹೋಗಿದೆ.

ಮೊದಲ ಪತ್ರ ಹೋದದ್ದು ಐದು ವಾರದ ಹಿಂದೆ. ಆ ಲೆಕ್ಕ ಇಬ್ಬರಿಗೂ ಗೊತ್ತು.

ಲ್ಯಾಬಿನಲ್ಲಿ ಅವತ್ತು ಅವರಿಗೆ ಕೆಲಸದಲ್ಲಿ ಮನಸ್ಸಿಲ್ಲ. ಮಧ್ಯಾಹ್ನ ಆಶ್ರಯ ಮನೆಯ ಮೇಲ್ವಿಚಾರಕಿಯ ಫೋನ್ ಬರುತ್ತದೆ. ಮನೆಯಲ್ಲಿದ್ದ ಎಂಟು ಹೆಂಗಸರನ್ನೂ ಮಕ್ಕಳನ್ನೂ ಬೇರೆಡೆಗೆ ಸಾಗಿಸಿಯಾಗಿದೆ. ಒಂಬತ್ತನೆಯವಳು ಹತ್ತು ದಿನದ ಹಿಂದೆಯೇ ಆಶ್ರಯ ಬಿಟ್ಟು, ತಿಂಗಳ ಮುಂಚೆಯೇ ಗೊತ್ತು ಮಾಡಿದ್ದ ಬಾಡಿಗೆ ಕೋಣೆಗೆ ಹೋಗಿದ್ದಾಳೆ. ಹೊಲಿಗೆ ಕೆಲಸ ಸಿಕ್ಕಿತ್ತು, ಸಂತೋಷದಲ್ಲಿದ್ದಳು. ಆ ಕೋಣೆಯ ವಿಳಾಸವೂ ಪಟ್ಟಿಯಲ್ಲಿತ್ತು. ಅವಳ ಫೋನ್ ನಾಲ್ಕು ದಿನದಿಂದ ಆಫ್ ಆಗಿದೆ. ಕೋಣೆಗೆ ಬೀಗ, ಮನೆಯೊಡೆಯನಿಗೆ ಏನೂ ಗೊತ್ತಿಲ್ಲ. ಪೊಲೀಸರಿಗೆ ತಿಳಿಸಿದ್ದೇವೆ ಎಂದು ಮೇಲ್ವಿಚಾರಕಿ ಹೇಳುತ್ತಾರೆ. ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ದೊಡ್ಡಕ್ಕನಿಗೆ ಅನ್ನಿಸುತ್ತದೆ.

“ಮೊದಲನೇ ಪತ್ರದಲ್ಲೇ ನಾನು ಯಾರು ಅಂತ ಬರೆದಿದ್ರೆ ಅವ್ರು ಅವತ್ತೇ ನಂಬ್ತಿದ್ರು. ನನ್ ಮನೆ ಉಳೀಲಿ ಅಂತ ಸುಮ್ನಿದ್ದೆ” ಎಂದು ಸಂಜೆ ಮನೆಯಲ್ಲಿ ಹೇಳುತ್ತಾರೆ. ಮಗಳು, ಷರತ್ತು ಹಾಕಿದ್ದು ನಾನು ತಾನೇ ಎನ್ನುತ್ತಾಳೆ.

ಮರುದಿನ ಬೆಳಗ್ಗೆ ಐದಕ್ಕೆ ಹತ್ತು ನಿಮಿಷವಿದ್ದಾಗ ಅವರು ಮತ್ತೆ ಮೇಜಿನ ಮುಂದೆ ಕೂರುತ್ತಾರೆ. ಪತ್ರದ ಮೊದಲ ವಾಕ್ಯ ಬದಲಾಗಿದೆ. ‘ಈ ಸಾಲುಗಳನ್ನು ಬರೆದ ದೊಡ್ಡಕ್ಕ ನಾನೇ, ನಾನು ಬರೆದದ್ದು ತಪ್ಪು’ ಎಂದು ಶುರುವಾಗುತ್ತದೆ. ಉತ್ತರ ಕೊಡದ ಸಾವಿರದ ಇನ್ನೂರು ಚಿಲ್ಲರೆ ವಿಳಾಸಗಳಿಗೂ ಇದನ್ನು ಹೊಸದಾಗಿ ಕಳುಹಿಸಬೇಕು. ದಿನಕ್ಕೆ ಹತ್ತರಂತೆ ಬರೆದರೂ ನಾಲ್ಕು ತಿಂಗಳು. ಕೋರ್ಟಿಗೆ ಎಳೆದರೆ ಎಳೆಯಲಿ ಎಂದು ಗಂಡನೇ ಹೇಳಿದ್ದಾರೆ.

ನಮ್ಮ ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಬರೆಯಬಹುದೇ ಎಂದು ಕೇಳಿದಾಗ ಅವರು ಬಹಳ ಹೊತ್ತು ಯೋಚಿಸಿದರು. ಬರೆದರೆ ಇನ್ನಷ್ಟು ಜನ ತಮ್ಮ ಸಾಲು ತಿದ್ದಿಕೊಳ್ಳಬಹುದು ಎಂಬ ಒಂದೇ ಕಾರಣಕ್ಕೆ ಒಪ್ಪಿದರು. ನಿಮಗೇನು ಬೇಕು ಎಂದರೆ, ಬೇಡುವ ಅಭ್ಯಾಸವಿಲ್ಲದವರಂತೆ ಸೆರಗಿನ ಅಂಚು ತಿರುಚುತ್ತಾರೆ.

“ಸನ್ಮಾನ ಗಿನ್ಮಾನ ಏನೂ ಬೇಡ. ಆ ಹೊಲಿಗೆ ಹೆಣ್ಮಗಳು ಎಲ್ಲೋ ಫೋನ್ ಎತ್ತಿದ್ಲು ಅಂತ ಯಾರಾದ್ರೂ ಒಂದ್ ಮಾತು ಹೇಳಿದ್ರೆ ಸಾಕು.”