ವ್ಯಾನಿನ ಕೆಮ್ಮು

ನಮ್ಮ ಹಳೇ ವ್ಯಾನಿನ ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಅದಕ್ಕೇನಾದರೂ ಆದರೆ ಮೊದಲು ಗೊತ್ತಾಗುವುದು ನನ್ನ ಸೊಂಟಕ್ಕೆ. ನಿಧಾನಕ್ಕೆ ಓಡಿಸಿದರೆ ಸಾಧು. ಆಕ್ಸಿಲರೇಟರ್ ಜೋರಾಗಿ ಒತ್ತಿದೆನೋ, ಟುಸ್ ಟುಸ್ ಎಂದು ಕೆಮ್ಮಿ ಮುಗ್ಗರಿಸುತ್ತಿತ್ತು.

ಚನ್ನಪಟ್ಟಣದ ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಕಾರ್ಬೊರೇಟರ್ ತೊಳೆದ, ಪೆಟ್ರೋಲ್ ಪೈಪು ಊದಿದ. ಅವನ ಶೆಡ್ಡಿನಲ್ಲಿ ನಿಂತಾಗ ವ್ಯಾನ್ ಕೆಮ್ಮುವುದೇ ಇಲ್ಲ, ದರಿದ್ರದ್ದು!

"ಎಲ್ಲಣ್ಣಾ ಎಂಜಿನ್ ಮಿಸ್ಸಿಂಗು? ಚೆನ್ನಾಗೇ ಐತಲ್ಲ."

"ಏರ್ ಫಿಲ್ಟರ್ ಒಸಿ ನೋಡಪ್ಪಾ."

"ಮೊನ್ನೆ ನಾನೇ ಹೊಸದು ಹಾಕಿವ್ನಿ. ಅದ್ಯಾಕಣ್ಣ ಬಿಚ್ಚಾನ?"

ಊರಿಗೆ ಮರಳಲು ಹೊಂಗನೂರಿನ ದಾರಿ ಹಿಡಿದೊಡನೆ ಮತ್ತದೇ ಕೆಮ್ಮು. ಸಿಟ್ಟಿನಲ್ಲಿ ಸ್ಟೀರಿಂಗ್ ಗುದ್ದಿದೆ. ನೋವಾಗಿದ್ದು ನನ್ನ ಕೈಗೇ.

ಹೆಂಡತಿಗೆ ಬೇರೆಯದೇ ಚಿಂತೆ. ರೇಷ್ಮೆಹುಳು ಸಾಕುವ ಮನೆಗೆ ಇಲಿ ನುಗ್ಗಿತ್ತು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚಲು ಸೊಪ್ಪು ಬಿಟ್ಟು ಮಲಗಿದಾಗ, ತಾನೂ ಸರಿಯಾಗಿ ಉಣ್ಣದವಳು ಅವಳು. ಮೂಲೆ ಮೂಲೆ ಜಾಲಾಡಿದರೂ ಇಲಿಯ ಬಿಲ ಸಿಗಲಿಲ್ಲ. "ಸಿಕ್ಕುದ್ರೆ ವಂಶನೇ ಉಳಿಸಾಕಿಲ್ಲ" ಎಂದು ಹಲ್ಲು ಕಡಿಯುತ್ತಿದ್ದಳು.

ಅಂತೂ ಹುಳು ಗೂಡು ಕಟ್ಟಿದವು. ರಾಮನಗರದ ಮಾರ್ಕೆಟ್ಟಿಗೆ ಹರಾಜಿನ ಹೊತ್ತಿಗೆ ಮುಟ್ಟಬೇಕು. ತಡವಾಗಿ ಚಿಟ್ಟೆ ಗೂಡು ಕೊರೆದರೆ ಅವಳ ಬೆಳೆಯೆಲ್ಲ ಮಣ್ಣುಪಾಲು. ಬೆಳಿಗ್ಗೆ ಹೇರಿಕೊಂಡು ಹೊರಟೆವು. ಹೆದ್ದಾರಿಗೆ ಬಂದೊಡನೆ ವ್ಯಾನ್ ಕೆಮ್ಮತೊಡಗಿತು. ಹಿಂದಿನಿಂದ ಬಸ್ಸುಗಳ ಹಾರ್ನು, ಪಕ್ಕದಲ್ಲಿ ಗಳಿಗೆಗೊಮ್ಮೆ ಗೂಡಿನ ಚೀಲ ಮುಟ್ಟಿ ನೋಡುವ ಅವಳು. ಅಳು ಬರುವಂತಾಯಿತು.

ಬದಿಗೆ ನಿಲ್ಲಿಸಿ ಸೀಟು ಎತ್ತಿದೆ. ಮೆಕ್ಯಾನಿಕ್ ಮುಟ್ಟದೆ ಬಿಟ್ಟಿದ್ದ ಫಿಲ್ಟರಿನ ಡಬ್ಬಿ ಬಿಚ್ಚಿದರೆ, ಗಾಳಿ ಹೋಗುವ ದಾರಿಗೇ ಅಡ್ಡಲಾಗಿ ಒಂದು ಮೆತ್ತನೆ ಹಾಸಿಗೆ. ಹಿಂದಿನ ಬೆಳೆಯ ಗೂಡಿನ ಮೇಲಿಂದ ಕಿತ್ತು ಎಸೆದ ರೇಷ್ಮೆ ಎಳೆ, ಹಿಪ್ಪುನೇರಳೆ ಸೊಪ್ಪಿನ ಚೂರು. ನಡುವೆ ಕಣ್ಣು ಬಿಡದ ಕೆಂಪು ಇಲಿಮರಿಗಳು.

ಈಗ ಬಯ್ಯುತ್ತಾಳೆ ಅಂದುಕೊಂಡೆ. ಅವಳು ಗೂಡು ಕಟ್ಟಲು ಹಣ್ಣಾದ ಹುಳು ಎತ್ತುವ ಹಾಗೆ ಎರಡೂ ಕೈಯಲ್ಲಿ ಹಾಸಿಗೆ ಸಮೇತ ಎತ್ತಿ, ಬೇಲಿಯ ಬುಡದಲ್ಲಿಟ್ಟು ಬಂದಳು.

"ನಡೀರಿ, ಹೊತ್ತಾಯ್ತದೆ."

ವ್ಯಾನ್ ಒಂದೇ ಉಸಿರಿಗೆ ಓಡಿತು. ಹರಾಜೂ ಸಿಕ್ಕಿತು, ಗೂಡು ಒಳ್ಳೆ ಬೆಲೆಗೆ ಹೋಯಿತು. ಖುಷಿಪಡಬೇಕಿತ್ತು. ಅವಳು ದುಡ್ಡನ್ನು ಎಣಿಸದೇ ಸೆರಗಿಗೆ ಕಟ್ಟಿಕೊಂಡಳು.

ಸಂಜೆ ಅಂಗಳದಲ್ಲಿ ನಿಂತ ವ್ಯಾನಿನ ಕೆಳಗೆ ಒಂದು ಇಲಿ ಸುತ್ತುತ್ತಿತ್ತು. ಚಕ್ರ ಹತ್ತಿ ಒಳಗೆ ಹೋಗುವುದು, ಇಳಿಯುವುದು, ಮತ್ತೆ ಹತ್ತುವುದು. ಪೊರಕೆ ಹಿಡಿದು ಓಡಿಬಂದ ಹೆಂಡತಿ ಹಾಗೇ ನಿಂತುಬಿಟ್ಟಳು.

"ರೀ, ಗಾಡಿ ತಗೀರಿ. ಹೋಗಿ ಮರಿ ಎತ್ಕಂಡ್ ಬರಾನ."

ಮಾರ್ಕೆಟ್ಟಿನಿಂದ ಹಿಂದಿರುಗುವಾಗ ಆ ಬೇಲಿ ನನ್ನ ಕಡೆಗಿತ್ತು. ಅದರ ಬುಡದಲ್ಲಿ ಎರಡು ನಾಯಿ ತಲೆ ಬಗ್ಗಿಸಿ ನಿಂತಿದ್ದನ್ನು ನಾನು ನೋಡಿದ್ದೆ, ಅವಳು ನೋಡಿರಲಿಲ್ಲ. ಅದನ್ನು ಹೇಳದೆ ಕೀಲಿ ತಂದು ಸ್ಟಾರ್ಟ್ ಮಾಡಿದೆ. ಅವಳು ಮಡಿಲಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ಪಕ್ಕದಲ್ಲಿ ಕೂತಳು. ದಾರಿಯುದ್ದಕ್ಕೂ ವ್ಯಾನ್ ಒಂದು ಸಲವೂ ಕೆಮ್ಮಲಿಲ್ಲ.