ಹನ್ನೊಂದು ಗಂಟೆಯ ಫೋನು

ಹೋದ ಭಾನುವಾರ ಇಲವಾಲದ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಬ್ಯಾಗಿನಿಂದ ಸಣ್ಣ ಡಬ್ಬಿ ತೆಗೆದು ಒಂದು ಲವಂಗ, ಒಂದು ಚೂರು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಎದುರುಮನೆ ಆಂಟಿಯೇ ಬಂದು ಪಕ್ಕದಲ್ಲಿ ಕೂತ ಹಾಗಾಯಿತು. ತಿರುಗಿ ನೋಡಿದೆ... ಬೇರೆ ಯಾರೋ. ಆದರೂ ಇಳಿಯುವ ತನಕ ಆ ಕಡೆಗೇ ಸ್ವಲ್ಪ ವಾಲಿಕೊಂಡು ಕೂತಿದ್ದೆ.

ಆಂಟಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ರಿಟೈರ್ ಆದವರು. ಟ್ರಂಕ್ ಕಾಲ್ ಕಾಲದಿಂದ ಗಂಟಲೇ ಅವರ ಹೊಟ್ಟೆಪಾಡಾಗಿತ್ತು, ಅದಕ್ಕೇ ಆ ಲವಂಗ, ಆ ಕಲ್ಲುಸಕ್ಕರೆ. ಗೇಟಿನಲ್ಲಿ ನಿಂತು ಹಾಲಿನವನ ಹತ್ತಿರ ಮಾತಾಡಿದರೂ ಮುಂಬಯಿಗೆ ಲೈನು ಕೊಡುತ್ತಿದ್ದಾರೇನೋ ಅನ್ನಿಸಬೇಕು, ಅಷ್ಟು ಸ್ಪಷ್ಟ. ನಾನು ಆಗ ಮದುವೆಯಾಗಿ ಅವರ ಎದುರಿನ ಮನೆಗೆ ಬಂದ ಹೊಸದು. ಬಾಯಿ ಜೋರು, ಸಹನೆ ಕಡಿಮೆ. ಈಗಲೂ ಅದರಲ್ಲೇನೂ ವ್ಯತ್ಯಾಸವಾಗಿಲ್ಲ.

ನಮ್ಮ ಬಡಾವಣೆಯ ಎಂಟು ಹತ್ತು ಜನ ಸೇರಿಕೊಂಡು ಪ್ರತಿ ಶನಿವಾರ ಕೆಸರೆಯ ಒಂದು ಸರ್ಕಾರಿ ಶಾಲೆಗೆ ಹೋಗುತ್ತಿದ್ದೆವು. ಒಬ್ಬರು ಅಲ್ಲಾಡುವ ಬೆಂಚಿಗೆ ಮೊಳೆ ಹೊಡೆದರೆ ಇನ್ನೊಬ್ಬರು ಗಿಡಗಳಿಗೆ ಪಾತಿ ಮಾಡುತ್ತಿದ್ದರು, ಮತ್ತೊಬ್ಬರು ಭಿನ್ನರಾಶಿ ಹೇಳಿಕೊಡುತ್ತಿದ್ದರು. ಆಂಟಿ ಮಕ್ಕಳಿಗೆ ಮಾತಾಡುವುದನ್ನು ಕಲಿಸುತ್ತಿದ್ದರು. ನನ್ನದು ಬಣ್ಣದ ಡಿಪಾರ್ಟ್‌ಮೆಂಟು. ಆ ವರ್ಷ ಹೆಣ್ಣುಮಕ್ಕಳಿಗೆ ಹೊಸ ಶೌಚಾಲಯ ಕಟ್ಟಿಸಿದೆವು. ಬಾಗಿಲಿಗೆ ಗಿಳಿಹಸಿರು, ಗೋಡೆಗೆ ತಿಳಿಹಳದಿ, ಅದರ ಮೇಲೆ ನನ್ನ ಕೈಯಾರೆ ಚಿಟ್ಟೆಗಳು. ಮದುವೆ ಸೀರೆಯ ಬಣ್ಣಕ್ಕೂ ನಾನು ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಹೆಡ್‌ಮಿಸ್ಸು ಟೇಪು ಕತ್ತರಿಸಿದರು, ಎಲ್ಲರೂ ಚಪ್ಪಾಳೆ ಹೊಡೆದೆವು, ಫೋಟೋ ತೆಗೆಸಿಕೊಂಡೆವು. ಎಲ್ಲ ಮುಗಿದ ಮೇಲೆ ಆಂಟಿ ಒಳಗೆ ಹೋಗಿ ನಲ್ಲಿ ತಿರುಗಿಸಿದರು. ಪುಸ್ ಎಂದು ಒಂದಿಷ್ಟು ಗಾಳಿ ಬಂತು. ಗಾಳಿಯ ಹಿಂದೆ ಏನೂ ಬರಲಿಲ್ಲ.

"ನೀರು ಎಲ್ಲಿಂದ ಬರುತ್ತೆ?" ಎಂದು ಅವರು ಕೇಳಿದರು.

ಪೈಪು ಹಾಕಿಸಿದ್ದೆವು, ತಾರಸಿಯ ಮೇಲೆ ಟ್ಯಾಂಕೂ ಇಡಿಸಿದ್ದೆವು. ಆ ಟ್ಯಾಂಕಿಗೆ ನೀರು ಎಲ್ಲಿಂದ ಅನ್ನುವುದನ್ನು ನಾವು ನೋಡಿಕೊಳ್ಳುತ್ತೇವೆಂದು ಪ್ಲಂಬರ್ ಅಂದುಕೊಂಡಿದ್ದ, ಪ್ಲಂಬರ್ ನೋಡಿಕೊಳ್ಳುತ್ತಾನೆಂದು ನಾವು ಅಂದುಕೊಂಡಿದ್ದೆವು. ಶಾಲೆಗೆ ಇದ್ದದ್ದು ಅಡುಗೆಮನೆ ಪಕ್ಕದ ಒಂದೇ ನಲ್ಲಿ, ಅದು ಬಿಸಿಯೂಟಕ್ಕೇ ಸಾಲದು. ರಸ್ತೆಯ ದೊಡ್ಡ ಪೈಪಿನಿಂದ ಹೊಸ ಸಂಪರ್ಕ ಬೇಕೆಂದು ಹೆಡ್‌ಮಿಸ್ಸು ಹಿಂದೆಯೇ ಅರ್ಜಿ ಕೊಟ್ಟಿದ್ದರಂತೆ. ಅದು ನೀರಿನ ಆಫೀಸಿನ ಯಾವುದೋ ಫೈಲಿನೊಳಗೆ ನಿದ್ದೆ ಹೊಡೆಯುತ್ತಿತ್ತು. ಎರಡು ವಾರ ಬಕೆಟ್ಟಿನಲ್ಲಿ ಹೊತ್ತು ಹಾಕಿದೆವು, ಆಮೇಲೆ ಗಬ್ಬು ವಾಸನೆ ತಡೆಯಲಾರದೆ ಹೆಡ್‌ಮಿಸ್ಸು ಬೀಗ ಹಾಕಿಸಿದರು. ನನಗೆ ಎಷ್ಟು ಅವಮಾನವಾಯಿತೆಂದರೆ ಆ ಚಿಟ್ಟೆಗಳ ಕಡೆ ತಿರುಗಿ ನೋಡುವುದನ್ನೇ ಬಿಟ್ಟೆ.

ಅವಮಾನ ನನ್ನದಾದರೆ ಕಷ್ಟ ಬೇರೆಯವರದು. ಏಳನೇ ಕ್ಲಾಸಿನಲ್ಲಿ ಪವಿತ್ರ ಅಂತ ಒಬ್ಬ ಹುಡುಗಿ ಇದ್ದಳು. ಮಧ್ಯಾಹ್ನ ಶೌಚಕ್ಕೆಂದು ರಿಂಗ್ ರಸ್ತೆ ದಾಟಿ ಮನೆಗೆ ಹೋದರೆ ವಾರದಲ್ಲಿ ಮೂರು ದಿನ ವಾಪಸು ಬರುತ್ತಿರಲಿಲ್ಲ. ಅವಳ ತಾಯಿ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದರು. ಆಂಟಿಯೂ ನಾನೂ ವಿಚಾರಿಸಲು ಹೋದಾಗ ಆಕೆ ಕೈಕೆಲಸ ನಿಲ್ಲಿಸದೆ ಹೇಳಿದರು: "ಆ ರೋಡಲ್ಲಿ ಲಾರಿಗಳು ಎಂಗೆ ಓಡಾಡ್ತವೆ ಅಂತ ನೋಡಿದ್ದೀರಲ್ವಾ ಮೇಡಮ್ಮಾರೆ? ದಸರಾ ರಜ ಮುಗಿಯೋಗಂಟ ನೋಡ್ತೀನಿ. ಅಷ್ಟೊತ್ಗೆ ನೀರು ಬರ್ನಿಲ್ಲ ಅಂದ್ರೆ ಇವ್ಳು ನನ್ ಜೊತೇಲೇ ಕೂತ್ಕೊಂಡು ಕಡ್ಡಿ ಒಸೀಲಿ." ಪವಿತ್ರ ಬಾಗಿಲ ಹಿಂದೆ ನಿಂತಿದ್ದಳು. ಅವಳ ಮುಖ ನನಗೆ ಕಾಣಿಸಲಿಲ್ಲ, ಬಾಗಿಲು ಹಿಡಿದಿದ್ದ ಬೆರಳುಗಳಷ್ಟೇ ಕಾಣಿಸಿದವು.

ಹೊರಗೆ ಬಂದವಳೇ ನಾನು ನನ್ನ ಸೋದರಮಾವನ ಮಾತೆತ್ತಿದೆ. ಮಾವ ಆಗ ನಗರಪಾಲಿಕೆಯಲ್ಲಿ ಸಾಕಷ್ಟು ದೊಡ್ಡ ಕುರ್ಚಿಯಲ್ಲೇ ಇದ್ದರು, ಅವರು ಒಂದು ಮಾತು ಹೇಳಿದರೆ ಫೈಲು ಎದ್ದು ಓಡಬೇಕು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದೇಕೆ? ಆಂಟಿ ನಡೆಯುತ್ತಿದ್ದವರು ನಿಂತರು.

"ನಿಮ್ಮ ಮಾವ ಹೇಳಿದ್ರೆ ನೀರು ಬರುತ್ತೆ ಕಣೆ. ಮಕ್ಕಳೇ ಕೇಳಿ ತಂದ್ರೆ ನೀರೂ ಬರುತ್ತೆ, ಬಾಯೂ ಬರುತ್ತೆ. ಇನ್ನೂ ಐದು ವಾರ ಇದೆಯಲ್ಲ, ತಡಿ."

ಮರುದಿನದಿಂದ ತಾಲೀಮು ಶುರುವಾಯಿತು. ಏಳನೇ ಕ್ಲಾಸಿನ ಆರು ಹುಡುಗಿಯರನ್ನು ಆರಿಸಿಕೊಂಡು, ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಒಬ್ಬಳು ಆಫೀಸಿನವಳು, ಇನ್ನೊಬ್ಬಳು ಶಾಲೆಯವಳು ಎಂದು ಮಾತಾಡಿಸುತ್ತಿದ್ದರು. ಫೋನಿನಲ್ಲಿ ಮುಖ ಕಾಣುವುದಿಲ್ಲ, ದನಿಯೇ ಎಲ್ಲ ಕೆಲಸ ಮಾಡಬೇಕು ಅನ್ನುವುದು ಅವರ ವಾದ. ಮೊದಲು ನಮಸ್ಕಾರ, ಆಮೇಲೆ ನಾವು ಯಾರು, ಆಮೇಲೆ ಒಂದೇ ಒಂದು ವಿಷಯ. ಆಚೆಯವರ ಹೆಸರು ಕೇಳಿ ಬರೆದುಕೊಳ್ಳಬೇಕು. ಅವರು ರೇಗಿದರೂ ನಾವು ರೇಗಕೂಡದು. ಕೊನೆಗೆ, ನಾಳೆ ಇದೇ ಹೊತ್ತಿಗೆ ಮತ್ತೆ ಮಾಡುತ್ತೇವೆ ಸರ್ ಎಂದು ಹೇಳಬೇಕು, ಹೇಳಿದ ಮೇಲೆ ಮಾಡಲೇಬೇಕು. ಪವಿತ್ರಳ ದನಿ ಬೆನ್ನಿಗೆ ಬೆನ್ನು ತಾಗಿಸಿ ಕೂತವಳಿಗೂ ಕೇಳಿಸುತ್ತಿರಲಿಲ್ಲ. ಆಂಟಿ ಅವಳ ಬಾಯಿಗೂ ಒಂದು ಲವಂಗ ಹಾಕಿ, "ನಗ್ತಾ ಮಾತಾಡು ಪುಟ್ಟಾ, ನಗು ಆಚೆ ಕಡೆ ಕೇಳಿಸುತ್ತೆ," ಎನ್ನುತ್ತಿದ್ದರು. ಹತ್ತನೆಯದೋ ಹನ್ನೊಂದನೆಯದೋ ಸಲಕ್ಕೆ ಅವಳ ದನಿ ನಾನು ನಿಂತಿದ್ದ ಬಾಗಿಲ ತನಕ ಬಂದಾಗ ನಾನೇ ಕುಣಿದುಬಿಟ್ಟೆ.

ಹೆಡ್‌ಮಿಸ್ಸಿನ ಒಪ್ಪಿಗೆ ಪಡೆದು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಫೋನು. ಆ ಹೊತ್ತಿಗೆ ಆಫೀಸಿನವರು ಕಾಫಿ ಕುಡಿದು ಬಂದು ಕೂತಿರುತ್ತಾರೆ, ಮನಸ್ಸು ಮೆತ್ತಗಿರುತ್ತದೆ ಎಂದು ಆಂಟಿಯ ಲೆಕ್ಕಾಚಾರ. ಅವರ ಮೊಬೈಲು ಮೇಜಿನ ಮೇಲೆ, ಸ್ಪೀಕರ್ ಆನ್, ಸುತ್ತ ಆರು ಜಡೆಗಳು. ಮೊದಲ ದಿನ ಆಚೆಯ ಗುಮಾಸ್ತರು ಮಕ್ಕಳಾಟ ಎಂದು ಇಟ್ಟುಬಿಟ್ಟರು. ಎರಡನೇ ದಿನವೂ ಇಟ್ಟರು. ಮೂರನೇ ದಿನ ಹೆಸರು ಹೇಳಿದರು. ಎರಡನೇ ವಾರದ ಹೊತ್ತಿಗೆ ಅವರೇ, ಇವತ್ತು ಯಾರ ಸರದಿ ಎಂದು ಕೇಳತೊಡಗಿದರು. ಒಂದು ದಿನ ಒಬ್ಬಳು ಕೆಮ್ಮುತ್ತಾ ಮಾತಾಡಿದಾಗ ಬಿಸಿನೀರು ಕುಡಿಯಮ್ಮ ಎಂದು ಹೇಳಿ, ಫೈಲು ಹುಡುಕಿಸುತ್ತೇನೆ ಎಂದರು. ಫೋನಿಟ್ಟ ಕೂಡಲೇ ಆ ಕೋಣೆಯಲ್ಲಿ ಎದ್ದ ಕೂಗಾಟವನ್ನು ಏನು ಹೇಳಲಿ... ಹೆಡ್‌ಮಿಸ್ಸು ಓಡಿ ಬಂದರು. ನನಗಂತೂ ಬೆಳಿಗ್ಗೆ ಏಳುವಾಗಲೇ ಹನ್ನೊಂದು ಗಂಟೆಯ ಧ್ಯಾನ. ಕೆಲಸಕ್ಕೆ ಹೋದಲ್ಲೂ ಹನ್ನೊಂದೂಕಾಲಕ್ಕೆ ಹೊರಗೆ ಬಂದು ಆಂಟಿಗೆ ಫೋನು ಮಾಡಿ ಇವತ್ತು ಏನಾಯಿತು ಎಂದು ಕೇಳದಿದ್ದರೆ ಕೈಕಾಲು ಆಡುತ್ತಿರಲಿಲ್ಲ.

ಫೈಲು ಸಿಕ್ಕಿತು. ಗುಮಾಸ್ತರ ಮೇಜಿನಿಂದ ಇಂಜಿನಿಯರರ ಮೇಜಿಗೆ ಹೋಯಿತು. ರಸ್ತೆ ಅಗೆಯಲು ಅನುಮತಿ ಬೇಕೆಂದು ಅಲ್ಲಿ ಕೂತಿತು. ಅಷ್ಟರಲ್ಲಿ ದಸರಾ ರಜ ಬಂತು.

ಊರೆಲ್ಲ ದೀಪ, ರಸ್ತೆ ತುಂಬ ಜನ. ಶಾಲೆಗೆ ಬೀಗ. ಆರು ಹುಡುಗಿಯರು ಮಾತ್ರ ಅಚ್ಚುಕಟ್ಟಾಗಿ ಜಡೆ ಹೆಣೆದುಕೊಂಡು ಹತ್ತೂ ಮುಕ್ಕಾಲಿಗೆ ಆಂಟಿಯ ವರಾಂಡಕ್ಕೆ ಬಂದು ಕೂರುತ್ತಿದ್ದರು. ನಾನು ರಜ ಹಾಕಿದ ದಿನ ನನ್ನ ಅಡುಗೆಮನೆಯ ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ಆಫೀಸು ಮುಚ್ಚುವ ಮುಂಚಿನ ಕೊನೆಯ ಕೆಲಸದ ದಿನ ಪವಿತ್ರ ಇಂಜಿನಿಯರರ ಹತ್ತಿರವೇ ಮಾತಾಡಿದಳು. ನೀರು ಬರದಿದ್ದರೆ ನಾನು ಶಾಲೆ ಬಿಡಬೇಕಾಗುತ್ತದೆ ಸರ್ ಎಂದು, ಅಳದೆ, ಒಂದೇ ಉಸಿರಿಗೆ. ಅವರು ನೋಡೋಣಮ್ಮ ಎಂದರಂತೆ. ಆಮೇಲೆ ಆಫೀಸಿಗೂ ಹಬ್ಬದ ರಜ. ಹುಡುಗಿಯರು ಬಂದರು, ಆಚೆ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಆಂಟಿ ಅವರಿಗೆಲ್ಲ ಚಕ್ಕುಲಿ ಕೊಟ್ಟು ಕಳಿಸಿದರು.

ನನಗೆ ತಡೆಯಲಾಗಲಿಲ್ಲ. ಆ ಸಂಜೆಯೇ ಗಂಡನಿಗೂ ಹೇಳದೆ ಮಾವನ ಮನೆಗೆ ಹೋದೆ. ಹಬ್ಬದ ನೆಂಟರ ನಡುವೆ ಅವರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ, ನಾನು ಹೇಳಿದ್ದೆಂದು ಯಾರಿಗೂ ತಿಳಿಯಬಾರದು ಎಂದೂ ಹೇಳಿದೆ. ಆಯ್ತು, ಒಂದು ಮಾತು ಹಾಕ್ತೀನಿ ಬಿಡು ಎಂದರು.

ರಜ ಮುಗಿದು ಶಾಲೆ ಶುರುವಾದ ದಿನ ಬೆಳಿಗ್ಗೆಯೇ ಗುದ್ದಲಿ, ಪಿಕಾಸಿ, ನೀಲಿ ಪೈಪು ಬಂದಿಳಿದವು. ನಾನು ಕೆಲಸಕ್ಕೆ ಚಕ್ಕರ್ ಹೊಡೆದು ಓಡಿದೆ. ರಸ್ತೆ ಅಗೆಯುವುದನ್ನು ಮಕ್ಕಳು ಕಾಂಪೌಂಡಿಗೆ ಜೋತುಬಿದ್ದು ನೋಡುತ್ತಿದ್ದರು, ಮೇಷ್ಟ್ರುಗಳೂ ಪಾಠ ಬಿಟ್ಟು ಬಂದು ನಿಂತಿದ್ದರು. ಅಗೆಯುವವರಲ್ಲಿ ಒಬ್ಬ, ದಿನಾ ಫೋನ್ ಮಾಡ್ತಿದ್ದ ಹುಡುಗೀರು ಯಾರವ್ವಾ ಎಂದು ಕೇಳಿದ. ಆರೂ ಕೈಗಳು ಮೇಲೆ ಹೋದವು. ನಾನು ಒಳಗೊಳಗೇ ನಕ್ಕೆ. ಟ್ಯಾಂಕು ತುಂಬಿ ನಲ್ಲಿ ತಿರುಗಿಸಿದಾಗ ಮೊದಲು ಕೆಂಪು ನೀರು ಬಂತು, ಆಮೇಲೆ ತಿಳಿ ನೀರು. ಪವಿತ್ರ ಎರಡೂ ಕೈ ಒಡ್ಡಿ ನನ್ನ ಚಿಟ್ಟೆಗಳ ಮೇಲೆಲ್ಲ ಎರಚಿದಳು. ಆಂಟಿಯ ಸೀರೆ ಮೊಣಕಾಲ ತನಕ ಒದ್ದೆ. ಅರವತ್ತು ದಾಟಿದ ಹೆಂಗಸು ಆ ಹುಡುಗಿಯರ ಜೊತೆ ಸೇರಿ ಹೋ ಎಂದು ಕೂಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಜೀವಮಾನದಲ್ಲಿ ಅಷ್ಟು ಸಂತೋಷಪಟ್ಟ ದಿನಗಳು ನನಗೆ ಹೆಚ್ಚಿಲ್ಲ. ಪವಿತ್ರಳ ತಾಯಿ ಮಧ್ಯಾಹ್ನ ಬಂದು, ತಾವೇ ನಲ್ಲಿ ತಿರುಗಿಸಿ ನೋಡಿ, ಮಗಳಿಗೆ ಕ್ಲಾಸಿಗೆ ಹೋಗು ಎಂದರು.

ಮಾವನಿಗೆ ಒಂದು ಸ್ವೀಟ್ ಬಾಕ್ಸ್ ಕಳಿಸಿ ಸುಮ್ಮನಾದೆ.

ಅಲ್ಲಿಂದ ಮುಂದೆ ಆಂಟಿ ಆ ಕಥೆಯನ್ನು ಹೇಳದ ಮನೆಯಿಲ್ಲ. ಬೇರೆ ಶಾಲೆಗಳಿಗೂ ಹೋಗಿ ಹೇಳಿದರು, ಅಲ್ಲೂ ಮಕ್ಕಳನ್ನು ಬೆನ್ನಿಗೆ ಬೆನ್ನು ಕೂರಿಸಿದರು. ಶ್ರೀರಾಂಪುರದ ಕಡೆಯ ಒಂದು ಶಾಲೆಯ ಮಕ್ಕಳು ಫೋನು ಮಾಡಿ ಮಾಡಿ ಶಾಲೆಯ ಮುಂದೆ ಬಸ್ಸು ನಿಲ್ಲುವಂತೆ ಮಾಡಿಕೊಂಡರಂತೆ. ಪ್ರತಿ ಸಲವೂ ನನಗೆ ಒಳಗೆ ಕಚಗುಳಿ. ಪಾಪ, ನಿಜ ಗೊತ್ತಿದ್ದರೆ ಎಂದುಕೊಳ್ಳುತ್ತಿದ್ದೆ.

ಮೂರು ವರ್ಷದ ಹಿಂದೆ ಅವರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನೋಡಿಕೊಳ್ಳಲು ಬಂದಿದ್ದ ನರ್ಸಿಗೆ ಮತ್ತೆ ಅದೇ ಕಥೆ. ದನಿ ಇಳಿದಿತ್ತು, ಖುಷಿ ಇಳಿದಿರಲಿಲ್ಲ. ನನಗೆ ಅದೇನು ಬುದ್ಧಿ ಬಂತೋ... ತಮಾಷೆ ಮಾಡಿ ನಗಿಸೋಣ ಎಂದೋ, ನನ್ನ ಪಾಲೂ ಇದೆಯಲ್ಲ ಎಂಬ ಜಂಬವೋ. ಮಾವನಿಗೆ ಹೇಳಿ ನಾನೇ ಮಾಡಿಸಿದ್ದು ಆಂಟಿ ಎಂದು ನಗುತ್ತಾ ಹೇಳಿಬಿಟ್ಟೆ.

ಅವರು ನರ್ಸಿನ ಕಡೆಯಿಂದ ನನ್ನ ಕಡೆಗೆ ತಿರುಗಿದರು. "ಹೌದೇನೆ?" ಎಂದರು. ಆಮೇಲೆ, "ಹೋಗ್ಲಿ ಬಿಡು. ನೀರು ಬಂತಲ್ಲ."

ಆಮೇಲೆ ಎರಡು ತಿಂಗಳು ಇದ್ದರು. ದಿನಾ ಹೋಗುತ್ತಿದ್ದೆ. ಆ ಕಥೆಯನ್ನು ಮತ್ತೆ ಯಾರಿಗೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಮೊನ್ನೆ ಭಾನುವಾರ ನಾನು ಬಸ್ಸಿಳಿದು ಹೋದದ್ದು ಈ ಮಾವನ ಮನೆಗೇ. ರಿಟೈರ್ ಆದ ಮೇಲೆ ಇಲವಾಲದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಊಟವಾದ ಮೇಲೆ ಹಳೆಯ ಮಾತು ಬಂತು, ಇಷ್ಟು ವರ್ಷಕ್ಕೆ ಬಾಯಿಬಿಟ್ಟು ಒಂದು ಥ್ಯಾಂಕ್ಸ್ ಹೇಳಿಬಿಡೋಣ ಎಂದು ಶಾಲೆಯ ನೀರಿನ ಮಾತೆತ್ತಿದೆ. ಮಾವ ಬಹಳ ಹೊತ್ತು ನೆನಪು ಮಾಡಿಕೊಂಡರು.

"ಅಯ್ಯೋ, ಅದಾ? ಆವತ್ತು ಮನೆ ತುಂಬ ನೆಂಟ್ರಿದ್ರಲ್ಲ, ಮರ್ತೇಬುಟ್ಟೆ ಕಣಮ್ಮ. ನಾನು ಯಾರ್ಗೂ ಏನೂ ಹೇಳ್ಲಿಲ್ಲ. ಆಮೇಲೆ ನೀನೂ ಕೇಳ್ಲಿಲ್ಲ. ಸ್ವೀಟು ಹಬ್ಬಕ್ಕೆ ಕಳ್ಸಿದ್ದೀಯ ಅಂದ್ಕೊಂಡು ತಿಂದ್ಬುಟ್ವಿ."

ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಹಾಗಾದರೆ ಹುಡುಗಿಯರೇ ತಂದಿದ್ದರು. ಆರು ಜನ ಹುಡುಗಿಯರು, ಒಂದು ಮೊಬೈಲು, ಐದು ವಾರ! ಕಾಗೆ ಕೂತದ್ದಕ್ಕೇ ಕೊಂಬೆ ಮುರಿಯಿತೆಂದು ಇಷ್ಟು ವರ್ಷ ಬೀಗಿದ ಕಾಗೆ ನಾನು. ಮಾವನ ಮನೆಯ ಅಂಗಳದಲ್ಲಿ ನಿಂತು ಒಬ್ಬಳೇ ನಕ್ಕೆ. ಪವಿತ್ರಳಿಗೆ ಫೋನು ಮಾಡಿದೆ. ಅವಳೀಗ ಒಂದು ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ನಾನು ಎಲ್ಲ ಹೇಳಿ ಮುಗಿಸಿದೆ. ಅವಳು ತಣ್ಣಗೆ, "ನಾವೇ ತಂದಿದ್ದು ಅಂತ ನಮಗೆ ಗೊತ್ತಿತ್ತಲ್ಲಕ್ಕಾ, ಇದನ್ನ ಹೇಳೋಕೆ ಫೋನ್ ಮಾಡಿದ್ರಾ?" ಎಂದಳು.

ಹೌದು, ಅವಳಿಗೆ ಗೊತ್ತಿತ್ತು. ಆ ಆರು ಜನರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಹೋದವರು ಒಬ್ಬರೇ, ಮೊದಲು ಗೊತ್ತಿದ್ದೂ ನನ್ನ ಮಾತು ನಂಬಿ ಅದನ್ನು ಬಿಟ್ಟುಕೊಟ್ಟವರು. ಸಂಜೆ ಬಸ್ಸಿಳಿದವಳು ನಮ್ಮ ಮನೆಯ ಗೇಟು ತೆಗೆಯದೆ, ಅಭ್ಯಾಸದಲ್ಲಿ ರಸ್ತೆ ದಾಟಿ ಎದುರುಮನೆಯ ಬೆಲ್ ಒತ್ತಿದೆ. ಈಗ ಅಲ್ಲಿರುವ ಬಾಡಿಗೆಯವರು ಬಾಗಿಲು ತೆಗೆದು, ಏನು ಬೇಕಿತ್ತು ಎಂದು ಕೇಳಿದರು.