ಕುರಿಯಾದ ಹಕ್ಕಿ

ನಿನ್ನೆ ಮಧ್ಯಾಹ್ನ ಬೀರುವಿನ ತಳದಿಂದ ಪ್ಲಾಸ್ಟಿಕ್ ಚೀಲವೊಂದನ್ನು ಎಳೆದು ಬಿಚ್ಚಿದೆ. ಕುರಿಯುಣ್ಣೆಯ ವಾಸನೆ, ಅದರ ಜೊತೆಗೆ ನೇಯುವಾಗ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ. ಒಳಗಿದ್ದದ್ದು ಮಾವ ನೇಯ್ದ ಕರಿ ಕಂಬಳಿ. ಏಳು ವರ್ಷ ಅದಕ್ಕೆ ಸೆರೆವಾಸ. ತಪ್ಪು ನನ್ನದು.

ನನ್ನ ಕೆಲಸ ಕೇಳಿದರೆ ನೀವು ನಗುತ್ತೀರಿ. ಎಲ್ಲೋ ಸಮುದ್ರದ ನಡುವಿನ ದ್ವೀಪಗಳಲ್ಲಿ ಬದುಕಿ, ಈಗ ಎಲ್ಲೂ ಇಲ್ಲದ ಹಕ್ಕಿ, ಹಲ್ಲಿ, ಆಮೆಗಳ ಹಳೇ ಮೂಳೆ ಕೊರೆಯುತ್ತೇನೆ. ಆ ಪುಡಿಯಿಂದ ಡಿಎನ್‌ಎ ತೆಗೆದು ಅವು ಯಾರ ಪೈಕಿ ಎಂದು ಹುಡುಕುತ್ತೇನೆ. ಕಡಲನ್ನೇ ಕಾಣದ ಪಾವಗಡದ ಕಡೆಯವಳಿಗೆ ಇದು ಹೇಗೆ ಗಂಟುಬಿತ್ತೋ! ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ವೈ.ಎನ್.ಹೊಸಕೋಟೆಯ ಆಚೆ ಕುರಿ ಕಾಯುವ ಸೋದರಮಾವನಿಗೆ ಮಾತ್ರ ಒಂದೇ ಸಲಕ್ಕೆ ತಿಳಿಯಿತು.

ನಮ್ಮವರು ಹೊಸಬರನ್ನು ಕಂಡರೆ ಹೆಸರಿಗಿಂತ ಮೊದಲು ಬೆಡಗು ಕೇಳುತ್ತಾರೆ. ಯಾವ ವಂಶದ ಬಳ್ಳಿ ಎಂದು ತಿಳಿಯುವ ತನಕ ಮಾತು ಮುಂದೆ ಹೋಗುವುದಿಲ್ಲ.

"ಅಂದ್ರೆ ಸತ್ತ ಹಕ್ಕಿ ಬೆಡಗು ಕೇಳೋ ಕೆಲ್ಸ ಅನ್ನು. ಮೂಳೆ ಹೆಂಗೆ ಹೇಳ್ತದೆ?" ಎಂದ ಮಾವ.

"ತಣ್ಣಗಿರೋ ಕೋಣೇಲಿ ಮೆತ್ತಗೆ ಕೇಳ್ಬೇಕು ಮಾವ."

ತಣ್ಣಗೆ ಎಂಬುದೊಂದೇ ಅವನ ಕಿವಿಗೆ ಬಿದ್ದದ್ದು. ಹೊರಡುವ ದಿನ ಕಂಬಳಿ ನನ್ನ ಹೆಗಲೇರಿತು.

ಪ್ರಯೋಗಾಲಯ ದೂರದ ನಗರದಲ್ಲಿ. ಅಡಿಯಿಂದ ಮುಡಿಯವರೆಗೆ ಬಿಳಿ ದಿರಿಸು, ಮುಖಕ್ಕೆ ಮುಸುಕು. ಯಾರೊಂದಿಗೂ ಒಂದು ಮಾತಿಲ್ಲದೆ ದಿನಗಟ್ಟಲೆ ಕಳೆದದ್ದುಂಟು. ಮನೆಯ ಬಟ್ಟೆಯ ಒಂದು ಎಳೆಯೂ ಮೂಳೆಯ ಹತ್ತಿರ ಸುಳಿಯಬಾರದೆಂಬುದು ಅಲ್ಲಿನ ಮೊದಲ ನಿಯಮ; ಸುಳಿದರೆ ಅದರ ಡಿಎನ್‌ಎ ಬೆರೆತುಹೋಗುತ್ತದೆ. ಒಂದು ದಿನ ತಡೆಯಲಾಗಲಿಲ್ಲ. ಚಳಿಯ ನೆಪ ಮಾಡಿಕೊಂಡು ಕಂಬಳಿಯನ್ನು ಒಳಗೆ ಒಯ್ದು ಮಡಿಲಲ್ಲಿಟ್ಟುಕೊಂಡೆ. ಎದುರಿಗಿದ್ದದ್ದು ಹಾರಲಾರದ ಹಕ್ಕಿಯೊಂದರ ಕಾಲಿನ ಮೂಳೆಯ ಚೂರು. ಆ ಜಾತಿಯದೆಂದು ಇಡೀ ಜಗತ್ತಿನಲ್ಲಿ ಸಿಕ್ಕಿದ್ದು ಅದೊಂದೇ. ಅರ್ಧ ಕೊರೆದೆ. ಎರಡು ವಾರದ ಮೇಲೆ ಫಲಿತಾಂಶ ಬಂತು: ಕುರಿ.

ಪ್ರಯೋಗಾಲಯದ ಮುಖ್ಯಸ್ಥೆ, ನಮ್ಮ ಮೇಡಂ, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಉಳಿದರ್ಧಾನೂ ಕೆಟ್ಟರೆ ಆ ಹಕ್ಕಿ ಯಾರು ಅಂತ ಇನ್ಯಾವತ್ತೂ ಗೊತ್ತಾಗಲ್ಲ" ಎಂದು ಪೆಟ್ಟಿಗೆಗೆ ಬೀಗ ಹಾಕಿದರು. ಕಂಬಳಿ ಎಸೆಯಲು ಹೇಳಿದರು. ಎಸೆಯಲು ಕೈ ಬರಲಿಲ್ಲ.

ನಡೆದದ್ದನ್ನು ಫೋನಿನಲ್ಲಿ ಹೇಳಿದಾಗ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಮ್ಮ ಮಿಷನ್ನು ಸುಳ್ಳು ಹೇಳ್ಲಿಲ್ಲ ಕಣಮ್ಮ, ಕುರಿನ ಕುರಿ ಅಂತು!" ಆಮೇಲೆ ದನಿ ತಗ್ಗಿಸಿ, "ಅಲ್ಲ, ಚಳಿ ಅಂದ್ರೆ ಹೊದ್ಕಬೇಕು. ಮಡ್ಲಾಗ್ ಯಾಕ್ ಮಡಿಕ್ಕಂಡಿದ್ದೆ?" ಎಂದ. ನಾನು ಮಾತು ಮರೆಸಿದೆ.

ಉಳಿದರ್ಧವನ್ನು ಕೊರೆಯಲು ಮೇಡಂ ಒಪ್ಪಿದ್ದು ಈ ವರ್ಷ. ನಿನ್ನೆ ಫಲಿತಾಂಶ ಬಂತು, ಅನುಮಾನವೇ ಇಲ್ಲ, ಹಕ್ಕಿ. ಸಂತೋಷಕ್ಕೆ ಕುಣಿಯಬೇಕಿತ್ತು. ಮನೆಗೆ ಬಂದು ಚೀಲ ಬಿಚ್ಚಿದೆ, ಕಂಬಳಿ ಹೊದ್ದುಕೊಂಡು ಮಾವನಿಗೆ ಫೋನು ಹಚ್ಚಿದೆ.

"ಏಮ್ಮಾ, ಬೆಡಗು ಸಿಕ್ತಾ?"

"ಸಿಕ್ತು ಮಾವ. ಆದ್ರೆ ಆ ಬೆಡಗಿನೋರು ಯಾರೂ ಉಳಿದಿಲ್ಲ. ಇದೇ ಕೊನೇದು."

ಆ ಕಡೆ ಮಾವ ಅರಚುತ್ತಿದ್ದ ಕುರಿಗಳನ್ನು ಗದರಿಸಿ ದೂರ ಅಟ್ಟಿದ.

"ಅದ್ರುದ್ದು ಅಂಗಾಯ್ತು ಬುಡು. ಅಲ್ಲಿ ನಿಂಗ್ಯಾರವ್ರೆ?"

ಒಂದು ಹೆಸರಿಗಾಗಿ ತಡಕಾಡಿದೆ. ಮೇಡಂ ಇದ್ದಾರೆ ಎನ್ನಬಹುದಿತ್ತು. ಕೆಳಗಿನ ಮನೆಯವರು ಇದ್ದಾರೆ ಎನ್ನಬಹುದಿತ್ತು, ಅವರ ಹೆಸರು ನನಗೆ ಗೊತ್ತಿದ್ದಿದ್ದರೆ.

"ಯಾರೂ ಇಲ್ಲ ಮಾವ" ಎಂದೆ. ಇಷ್ಟು ವರ್ಷಗಳಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.